ಬಚ್ಚಲ ಮೂಲೆಯ ಕಲ್ಲು

ಕಂಪ್ಲಿಯ ನಮ್ಮ ಮನೆ ಮಾರಾಟವಾದ ಮೇಲೆ ನಾನು ಅದನ್ನು ಅಳೆಯಲು ಹೋದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಹೊಸಪೇಟೆಯಲ್ಲಿ ಕೂತು ಕಂಡವರ ಮನೆಗೆಲ್ಲ ನಕ್ಷೆ ಬರೆಯುವುದೇ ನನ್ನ ಕಸುಬು. ಬೆಳೆದ ಮನೆಗೆ ಮಾತ್ರ ಒಂದು ಗೆರೆ ಎಳೆದಿರಲಿಲ್ಲ. ಕೊಂಡವರು ಅಕ್ಕಿ ಗಿರಣಿಯವರು. ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವವರಿದ್ದರು. ಹಂಪಿಯಲ್ಲಿ ಬಿದ್ದ ಕಲ್ಲಿಗೂ ಒಬ್ಬ ಕಾವಲುಗಾರನಿದ್ದಾನೆ, ನಿಂತ ನಮ್ಮ ಮನೆಗೆ ಯಾರೂ ಇರಲಿಲ್ಲ. ಕಾಗದದ ಮೇಲಾದರೂ ಉಳಿಯಲಿ ಎಂದು ಭಾನುವಾರಗಳಲ್ಲಿ ಟೇಪು ಹಿಡಿದು ಬಸ್ಸು ಹತ್ತತೊಡಗಿದೆ.

ಅದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು. ಕಿಟಕಿಗಳಿಗೆ ನಮ್ಮ ಹಿರಿಯರು ಅಷ್ಟು ಮನಸ್ಸು ಮಾಡಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದಷ್ಟೇ ಬೆಳಕು. ಒಂದು ಗೋಡೆಯೂ ನೆಟ್ಟಗಿಲ್ಲ. ನಮ್ಮ ವಂಶದಲ್ಲೇ ನೆಟ್ಟಗಿರುವವರು ಕಡಿಮೆ, ಇನ್ನು ಗೋಡೆಗಳಿಗೆ ಎಲ್ಲಿಂದ ಬರಬೇಕು? ನನ್ನ ದೊಡ್ಡಪ್ಪ ಜೊತೆಜೊತೆಗೆ ನಡೆಯುತ್ತ, ಯಾವ ಕಂಬ ಯಾವ ಕಾಡಿನದು, ಯಾವ ಗೋಡೆ ಯಾವ ಜಗಳದಲ್ಲಿ ಎದ್ದದ್ದು ಎಂದು ಹೇಳುತ್ತಿದ್ದರು.

ಬಚ್ಚಲಿಗೆ ಬಂದಾಗ ಮೂಲೆಯಲ್ಲಿ ನೆಲಕ್ಕೆ ಕೂತ ಒಂದು ಚಪ್ಪಡಿ ಕಲ್ಲು ಕಂಡಿತು. ನನಗೆ ಗೊತ್ತಿದ್ದ ಕಲ್ಲೇ. ಅವ್ವ ದಿನಾ ಸ್ನಾನಕ್ಕೆ ಮೊದಲು ಒಂದು ತಂಬಿಗೆ ಬಿಸಿನೀರನ್ನು ಅದರ ಮೇಲೆ ಸುರಿಯುತ್ತಿದ್ದಳು. "ಅವ್ವ ಕಲ್ಲಿಗೆ ಎರೀತಾಳ" ಎಂದು ನಾವು ಮಕ್ಕಳೆಲ್ಲ ಕಾಡಿಸುತ್ತಿದ್ದೆವು. ಅವಳೂ ನಗುತ್ತಿದ್ದಳು. ಇದರ ಕೆಳಗೆ ಏನಿದೆ ಎಂದು ದೊಡ್ಡಪ್ಪನನ್ನು ಕೇಳಿದೆ. ಅವರು ಎಲ್ಲೋ ನೋಡುತ್ತ, "ಅಲ್ಲೆ ಕಸ ಹುಗದಾರವ್ವ. ಬಿಡು ಅದನ್ನ" ಎಂದು ಮುಂದೆ ನಡೆದರು. ನಾನು ನಕ್ಷೆಯಲ್ಲಿ ಚೌಕ ಹಾಕಿ "ಕಸದ ಗುಂಡಿ" ಎಂದು ಬರೆದುಕೊಂಡೆ.

ಮಧ್ಯಾಹ್ನ ಪಡಸಾಲೆಯಲ್ಲಿ ನಕ್ಷೆ ಹರಡಿದಾಗ ಅವ್ವ ಬಂದು ಕೂತಳು. ಅವಳು ಅಕ್ಷರ ಕೂಡಿಸಿ ಓದುವವಳು. ಬೆರಳು ಒಂದೊಂದೇ ಕೋಣೆ ದಾಟಿ ಬಚ್ಚಲಿಗೆ ಬಂದು ನಿಂತಿತು.

"ಕ... ಸ... ದ ಗುಂಡಿ. ಹಿಂಗಂತ ಯಾರು ಹೇಳಿದ್ರು?"

"ದೊಡ್ಡಪ್ಪ. ಕಸ ಹುಗದಾರ ಅಂದ್ರು."

"ಆ ಕಸ ಅಲ್ಲಲೇ ಹುಚ್ಚಿ. ಹೆರಿಗಿ ಆದಮ್ಯಾಲ ಬೀಳತೈತಲ್ಲ, ಆ ಕಸ."

ಮಾಸು ಎನ್ನಲಾರದೆ, ಗಂಡಸಿನ ನಾಚಿಕೆಗೆ ದೊಡ್ಡಪ್ಪ ಅರ್ಧ ಮಾತು ನುಂಗಿದ್ದರು. ಉಳಿದರ್ಧವನ್ನು ನಾನು ತಿಪ್ಪೆಗೆ ಹಾಕಿದ್ದೆ. ಅದು ನನ್ನದೇನು ಎಂದು ಕೇಳಿದೆ.

"ನಿಂದು ಎಮ್ಮಿಗನೂರಾಗ ಐತಿ, ನನ್ನ ತವರಾಗ. ಇದು ನಿನ್ನ ತಮ್ಮಂದು. ಸೂಲಗಿತ್ತಿ ಗಡಿಗ್ಯಾಗ ಹಾಕಿ ಹುಗದು ಕಲ್ಲಿಟ್ಲು. ಬಾಣಂತಿಗೆ ಎರದ ನೀರು ಅದರ ಮ್ಯಾಲ ಹರೀಬೇಕು ಅಂದ್ಲು. ಕೂಸು ಉಳೀಲಿಲ್ಲ. ನೀರು ಹಾಕೋದು ನಾ ಬಿಡಲಿಲ್ಲ."

ನನಗಿಂತ ಚಿಕ್ಕದೊಂದು ಕೂಸು ಹೋಗಿತ್ತು ಎಂದಷ್ಟೇ ನನಗೆ ಗೊತ್ತಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದದ್ದು. ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದ್ದರಂತೆ. ಮುಂದೆ ಬಂದ ನೆರೆ ಆ ದಂಡೆಯನ್ನೇ ಒಯ್ದಿತು. ಒಂದು ಅಂಗಿಯಿಲ್ಲ, ಕರೆಯಲು ಹೆಸರಿಲ್ಲ. ಅವ್ವನಿಗೆ ಮಗ ಅಂತ ಉಳಿದದ್ದು ಆ ಮೂಲೆಯ ನೆಲ ಮಾತ್ರ. ಅದನ್ನು ತಿಳಿಯದೆ ನಾನು ಎಷ್ಟು ಸಲ ನಕ್ಕಿದ್ದೆ. ರಬ್ಬರಿನಿಂದ ಅಕ್ಷರ ಉಜ್ಜಿ, ಇಲ್ಲಿ ಏನೆಂದು ಬರೆಯಲಿ ಎಂದೆ. "ಏನೂ ಬರೀಬ್ಯಾಡ. ಅದೊಂದು ಜಾಗ ಅಗಿಬ್ಯಾಡ್ರಿ ಅಂತ ಅವರಿಗೆ ಹೇಳ್ರಿ, ಸಾಕು. ಮ್ಯಾಲ ಏನರ ಕಟಗೊಳ್ಳಲಿ."

ಮನೆ ಮಾರುವಾಗ ಅವಳು ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಇದೊಂದೇ. ನಾನೇ ಹೋಗಿ ಗಿರಣಿಯವರಿಗೆ ಹೇಳುತ್ತೇನೆಂದೆ. "ವ್ಯವಹಾರದಾಗ ಹೆಣ್ಮಕ್ಕಳು ಬ್ಯಾಡ, ನಾ ಹೇಳ್ತೀನಿ ಬಿಡು" ಎಂದರು ದೊಡ್ಡಪ್ಪ. ಹೇಳಿಯೂ ಬಂದರು. ಗಿರಣಿಯವರು ಒಪ್ಪಿದರೆಂದು ಕೇಳಿ ಅವ್ವ ಅವತ್ತು ಎರಡು ರೊಟ್ಟಿ ಹೆಚ್ಚೇ ತಿಂದಳು.

ಮನೆ ಬಿದ್ದ ಮೇಲೆ ಅವ್ವ ನನ್ನ ಜೊತೆ ಹೊಸಪೇಟೆಗೆ ಬರುವುದೆಂದಾಗಿತ್ತು. ಹೊರಡುವ ಮೊದಲು ಒಮ್ಮೆ ನೋಡೋಣವೆಂದು ಹೋದೆವು. ಗೋಡೆಗಳು ಮಣ್ಣಿನ ದಿಬ್ಬವಾಗಿದ್ದವು. ಬಚ್ಚಲಿದ್ದ ಕಡೆ ಆಳುದ್ದದ ಗುಂಡಿ; ಅದರೊಳಗಿಂದ ಪಿಲ್ಲರಿನ ಕಬ್ಬಿಣ ಎದ್ದು ನಿಂತಿತ್ತು. ಗಿರಣಿಯವರ ಮೇಸ್ತ್ರಿ ಓಡಿ ಬಂದ.

"ಬರ್ರಿ ಅವ್ವಾರ. ನಿಮ್ಮ ಹಿರೇರು ಹೇಳಿದ್ರಲ್ರಿ, ಕಲ್ಲು ಭಾಳ ಜ್ವಾಪಾನ ಮಾಡೀನಿ. ಒಂಚೂರೂ ಮುಕ್ಕಾಗಿಲ್ಲ."

ಬೇವಿನ ಮರದ ಕೆಳಗೆ, ಗೋಣಿಚೀಲದ ಮೇಲೆ, ಆ ಚಪ್ಪಡಿಯನ್ನು ತೊಳೆದು ಇಟ್ಟಿದ್ದ. ದೊಡ್ಡಪ್ಪನಿಗೆ ಎರಡನೇ ಸಲವೂ ಆ ಮಾತು ಬಾಯಿಗೆ ಬಂದಿರಲಿಲ್ಲ. "ಮೂಲ್ಯಾಗಿನ ಕಲ್ಲು ಜ್ವಾಪಾನ" ಎಂದಷ್ಟೇ ಹೇಳಿ ಬಂದಿದ್ದರು. ನನಗೆ ಬಂದ ಸಿಟ್ಟಿಗೆ ಅಲ್ಲೇ ಕಿರುಚಬೇಕೆನ್ನಿಸಿತು. ಆದರೆ ಯಾರ ಮೇಲೆ? ಮೇಸ್ತ್ರಿ ಕೊಟ್ಟ ಮಾತು ಉಳಿಸಿಕೊಂಡಿದ್ದ.

ಅವ್ವ ಕಲ್ಲನ್ನು ಸವರಿದಳು. ಗುಂಡಿಯ ಕಡೆ ನೋಡಲಿಲ್ಲ. "ಚಲೋ ಮಾಡೀಯಪ್ಪ. ಇಲ್ಲೇ ಇರಲಿ, ಕುಂದ್ರಾಕ ಆಗತೈತಿ" ಎಂದು ಅವನಿಗೆ ಹೇಳಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಬಸ್ಸಿನಲ್ಲಿ ನಕ್ಷೆಯ ಸುರುಳಿ ನನ್ನ ತೊಡೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಗೀಸರ್ ಹಾಕಿ, ಬಕೆಟ್ಟಿಗೆ ನೀರು ತುಂಬಿಸಿಕೊಟ್ಟು, ನಲ್ಲಿ ತಿರುಗಿಸುವುದನ್ನು ತೋರಿಸಿ ಬಂದೆ. ಎಷ್ಟು ಹೊತ್ತಾದರೂ ಒಳಗೆ ನೀರಿನ ಸದ್ದಿಲ್ಲ. ಏನಾಯಿತೋ ಎಂದು ಬಾಗಿಲು ಬಡಿಯಲು ಹೋದೆ. ಅಷ್ಟರಲ್ಲಿ ಅವ್ವ ತಾನೇ ತೆರೆದುಕೊಂಡು, ಉಟ್ಟ ಸೀರೆಯಲ್ಲೇ ಹೊರಗೆ ಬಂದಳು. ಕೈಯಲ್ಲಿ ತುಂಬಿದ ತಂಬಿಗೆ ಇತ್ತು, ಇನ್ನೂ ಹಬೆಯಾಡುತ್ತಿತ್ತು.

"ಯವ್ವಾ," ಎಂದಳು, "ಇದನ್ನ ಎಲ್ಲಿ ಹಾಕ್ಲಿ?"