ಕಹಿ ತಿಂದವರ ಬಾಣಂತನ

ಹೆರಿಗೆಯಾಗಿ ಎರಡು ಗಂಟೆಯೂ ಆಗಿರಲಿಲ್ಲ, ನನ್ನ ಮಗಳು ಶೈಲಳ ಮುಂದೆ ಸುಟ್ಟ ಬ್ರೆಡ್ಡು, ತಣ್ಣೀರು ತಂದಿಟ್ಟರು. ಮರುದಿನವೇ ಮನೆಗೆ ಕಳಿಸಿದರು. ಈ ಊರಲ್ಲಿ ಬಾಣಂತಿಯ ಕಿವಿಗೆ ಬಟ್ಟೆ ಕಟ್ಟುವವಳು ನಾನೊಬ್ಬಳೇ ಎಂದುಕೊಂಡು ಲಿಫ್ಟ್ ಹತ್ತಿದರೆ, ಒಳಗೆ ಇನ್ನೊಬ್ಬ ಬಾಣಂತಿ. ಜುಲೈ ಬಿಸಿಲಲ್ಲಿ ಉಣ್ಣೆ ಟೋಪಿ ಹಾಕಿಕೊಂಡು ಆಸ್ಪತ್ರೆಗೆ ತೋರಿಸಿ ಬರುತ್ತಿದ್ದಳು.

ಲಂಡನ್ನಿನ ಹೌನ್ಸ್ಲೋದ ಈ ಫ್ಲ್ಯಾಟಿನಲ್ಲಿ ಎದುರು ಬಾಗಿಲು ಅವರದು, ಚೀನಾದವರು. ಲಿಫ್ಟಿನಲ್ಲಿ ಕಂಡವಳು ಲಿನ್, ಜೊತೆಗೆ ಬಾಣಂತನಕ್ಕೆ ಬಂದ ಅವಳ ತಾಯಿ. ಆ ತಾಯಿಯ ಮಾತನ್ನು ಲಿನ್ ಇಂಗ್ಲಿಷಿನಲ್ಲಿ ಹೇಳಬೇಕು, ಅದನ್ನು ಶೈಲ ನನಗೆ ಕನ್ನಡದಲ್ಲಿ. ಬಾಣಂತನಕ್ಕೆ ಅವರು ‘ತಿಂಗಳು ಕೂರುವುದು’ ಅನ್ನುತ್ತಾರೆ. ನಾವು ದಿನಾ ಬಿಸಿನೀರು ಹುಯ್ಯುತ್ತೇವೆ, ಅವರು ತಿಂಗಳು ಮುಗಿಯುವ ತನಕ ತಲೆಗೆ ನೀರೇ ಸೋಕಿಸುವುದಿಲ್ಲ. ಬಸಿರನ್ನು ಹತ್ತು ತಿಂಗಳು ಎಂದು ಎಣಿಸುತ್ತಾರೆ.

“ನಮ್ಗೆ ಒಂಬತ್ತೇ ಸಾಕಾಗೋಗಿದೆ ಅಂತ ಹೇಳು,” ಅಂದೆ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಷ್ಟ ಸಹಿಸುವುದಕ್ಕೆ ಅವರ ಮಾತು ‘ಚಿ ಕು’. ಕಹಿ ತಿನ್ನುವುದು ಎಂದು ಅರ್ಥ. ಅದನ್ನು ಬೇಗ ಕಲಿತೆ. ಜನ್ಮವಿಡೀ ಉಂಡದ್ದು ಅದೇ ತಾನೆ.

ಹತ್ತನೆಯ ದಿನ ಹಾಲು ಕಟ್ಟಿ ಶೈಲಳ ಎದೆ ಕಲ್ಲಾಯಿತು, ಮೈ ಬಿಸಿಯಾಯಿತು.

“ತಡ್ಕೊಳೇ. ನಿನ್ನ ಹೆತ್ತಾಗ ನನ್ನ ಯಾರು ಕೇಳಿದ್ರು?” ಅಂದೆ.

ಅವಳು ಮತ್ತೆ ಬಾಯಿ ಬಿಡಲಿಲ್ಲ. ಎರಡು ದಿನ ಕಳೆಯಿತು. ಮೂರನೆಯ ದಿನ ಎದುರುಮನೆಯ ತಾಯಿ ಮಗಳು ಇಬ್ಬರೂ ಶುಂಠಿ ಸಾರು ತಂದರು. ಮುದುಕಿ ಶೈಲಳ ಹಣೆ ಮುಟ್ಟಿದವಳೇ ನನ್ನ ಕಡೆ ತಿರುಗಿ ಗದರಿದಳು.

“ಏನಂತೆ?”

ಶೈಲ ತಲೆ ಎತ್ತಲಿಲ್ಲ. “ತಿಂಗಳು ಕೂರ್ಸೋದು ಯಾತಕ್ಕಂತೆ? ನೀವು ಕಹಿ ತಿಂದ್ರಿ ಸರಿ, ಮಗಳಿಗೂ ಅದನ್ನೇ ಬಡಿಸ್ತೀರಾ ಅಂತಿದಾರೆ.”

ಅಷ್ಟೂ ಮುದುಕಿಯ ಮಾತೋ, ನಡುವೆ ಶೈಲ ತನ್ನದೊಂದಿಷ್ಟು ಸೇರಿಸಿದಳೋ, ನಾನು ಕೇಳಲಿಲ್ಲ. “ಜಿಪಿಗೆ ಫೋನ್ ಮಾಡು,” ಅಂದೆ. ಜಿಪಿ ಅಂದರೆ ಇಲ್ಲಿ ಮೊದಲು ತೋರಿಸಬೇಕಾದ ಡಾಕ್ಟರು. ಕೀವಾಗುವ ಹಂತಕ್ಕೆ ಬಂದಿದೆ, ಇನ್ನೂ ಬಿಟ್ಟಿದ್ದರೆ ಕುಯ್ಯಬೇಕಾಗುತ್ತಿತ್ತು ಎಂದರು. ಮಾತ್ರೆಯಲ್ಲೇ ಇಳಿಯಿತು.

ಮುಂದಿನ ತಿಂಗಳು ನನ್ನ ವೀಸಾ ಮುಗಿಯುತ್ತದೆ. ಮಂಡ್ಯದಲ್ಲಿ ಸೊಸೆಗೆ ಏಳು ತಿಂಗಳು. ಮೊನ್ನೆ ಫೋನಿನಲ್ಲಿ ಸೊಂಟನೋವು ಎಂದಳು.

“ತಡ್ಕೊಂಡು ಕೂತ್ಕೋಬೇಡ ಕಣವ್ವ, ಇವತ್ತೇ ಡಾಕ್ಟರಿಗೆ ತೋರ್ಸು.”

“ಅತ್ತೆ, ನೀವೇನಾ ಮಾತಾಡ್ತಿರೋದು?”

ಅಲ್ಲಿಗೆ ಹೋದರೆ ಅವಳಿಗೆ ನಾನು ಹೊಸಬಳು. ಇಲ್ಲಿ ಇನ್ನೂ ಹಳಬಳೇ; ನೋವು ಅನ್ನುವ ಮೊದಲು ಶೈಲ ಈಗಲೂ ಒಂದು ಸಲ ನನ್ನ ಮುಖ ನೋಡುತ್ತಾಳೆ.