ಮದುವೆಯ ವರ್ಷ ಉಳುಕಿದ ಕಾಲು

ಆಲೂಗಡ್ಡೆ ಹೊಲದ ಬದುವಿನಿಂದ ಇಳಿಯುವಾಗ ಎಡಪಾದ ಒಳಕ್ಕೆ ಮಡಚಿತು. ತಲೆಯ ಮೇಲಿನ ಬುಟ್ಟಿ ಉರುಳಿತು. ಎದ್ದೆ.

ನಿಲ್ಲಲಾಗಲಿಲ್ಲ.

ಬೆಟ್ಟದ ಮೇಲಿನ ಕೂಕಲ್ತೊರೈ ಹಟ್ಟಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೆಣ್ಣು ಬಸುರಾದ ಮೇಲೆ ಗಂಡ ಅವಳ ಕೊರಳಿಗೆ ನೂಲು ಕಟ್ಟುವುದು ನಮ್ಮ ಪದ್ಧತಿ. ಮದುವೆ ಗಟ್ಟಿಯಾಗುವುದು ಆಗಲೇ. ಅಲ್ಲಿಯವರೆಗೆ ಸೊಸೆ ಹಿಡಿಸದಿದ್ದರೆ ತವರಿಗೆ ಕಳಿಸಿಬಿಡುವುದೂ ಉಂಟು. ನನಗಿನ್ನೂ ನೂಲು ಕಟ್ಟಿರಲಿಲ್ಲ. ಅದಕ್ಕೇ ಅಂದು ನೋವಿಗಿಂತ ಮೊದಲು ಭಯವಾಯಿತು.

ಅತ್ತೆಯನ್ನು ನಾನು ಮಾಮಿ ಎನ್ನುತ್ತಿದ್ದೆ. ಅವರು ಹರಳೆಣ್ಣೆ ಹಾಕಿ ಬಲವಾಗಿ ಉಜ್ಜಿದರು. ಬೆಳಗಾಗುವಷ್ಟರಲ್ಲಿ ಪಾದ ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸೋಮಾರಿ ಎನ್ನಿಸಿಕೊಳ್ಳಬಾರದೆಂದು, ಊತ ತುಸು ಇಳಿದೊಡನೆ ಕೊಡ ಹಿಡಿದು ತೊರೆಗೆ ಹೊರಟೆ.

ಅದೇ ಕಾಲು ಮತ್ತೆ ಮಡಚಿತು.

ಅಂದು ಸಂಜೆ ಒಲೆಯ ಮುಂದೆ ಮಾಮಿ ಮಗನಿಗೆ ಹೇಳಿದ್ದು ಒಳಮನೆಗೆ ಕೇಳಿಸಿತು. "ಕಾಲು ಸರಿಯಾಗುವ ತನಕ ಅವಳು ಅಪ್ಪನ ಮನೆಗ ಹೋಗಿ ಇರಲಿ. ಹೊಲಗ ಬಾರದ ಸೊಸೆಯ ಇಟ್ಟುಕೊಂಡು ಏನ ಮಾಡುವ?"

ನನ್ನ ಗಂಡನದು ಮಾತು ಕಡಿಮೆ. ನನ್ನ ಜೊತೆಗೂ ಅಷ್ಟಕ್ಕಷ್ಟೇ. "ನಾಳೆ ಕೋತಗಿರಿ ಆಸ್ಪತ್ರೆಗ ಕರಕೊಂಡು ಹೋಗುವೆ, ಅವ್ವೆ. ಆಮೇಲೆ ನೋಡುವ," ಎಂದರು.

ಮರುದಿನ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು ಹೋದೆ. ಡಾಕ್ಟರ್ ತಮಿಳರು. ಮೂಳೆಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಫ್ರಾಕ್ಚರ್ ಇಲ್ಲೆ. ಸ್ಪ್ರೇನ್."

ಬ್ಯಾಂಡೇಜ್ ಸುತ್ತಿದರು. ಉಜ್ಜಬಾರದು, ಊತ ಇಳಿಯುವ ತನಕ ಕಾಲು ಎತ್ತರದಲ್ಲಿಟ್ಟು ತಣ್ಣೀರ ಬಟ್ಟೆ ಹಾಕಬೇಕು ಎಂದರು. ಆಮೇಲೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಸಮನೆಲದಲ್ಲಿ ನಡೆಯುವುದು. ಏರು ಹತ್ತುವುದು ಕೊನೆಗೆ. "ಸುಮ್ಮನೆ ಮಲಗಿದರೂ ಕೆಡುತ್ತದೆ, ಆತುರ ಮಾಡಿದರೂ ಕೆಡುತ್ತದೆ," ಎಂದದ್ದನ್ನು ಗಂಡ ನನಗೆ ನಮ್ಮ ಮಾತಿನಲ್ಲಿ ತಿಳಿಸಿದರು.

ಮಾರನೆಯ ಬೆಳಿಗ್ಗೆ ಅವರೇ ಕೊಡ ಎತ್ತಿಕೊಂಡರು. ಹಟ್ಟಿಯಲ್ಲಿ ಗಂಡಸು ನೀರು ಹೊತ್ತದ್ದನ್ನು ಯಾರೂ ಕಂಡಿರಲಿಲ್ಲ. "ಓಹೋ, ಹಟ್ಟಿಗ ಹೊಸ ಸೊಸೆ ಬಂದಳು!" ಎಂದು ತೊರೆಯ ಬಳಿ ಹೆಂಗಸರು ನಕ್ಕದ್ದು ಮನೆಯವರೆಗೂ ಕೇಳಿಸಿತು. ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ಅವರು ಮಾತ್ರ ನೀರು ಚೆಲ್ಲದಂತೆ ಬಂದು ಕೊಡ ಇಳಿಸಿ, "ಕಾಲು ಆಡಿಸಿದೆಯಾ?" ಎಂದರು.

ಊತ ಇಳಿಯಿತು. ದಿನಾ ಬೆಳಿಗ್ಗೆ ಅಂಗಳದಲ್ಲಿ ಅವರ ಹೆಗಲು ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತಿದ್ದೆ. ಇಬ್ಬರೂ ಅಷ್ಟು ಹತ್ತಿರ ಸುಮ್ಮನೆ ನಿಲ್ಲುವುದು ಹೇಗೆ? ಅದಕ್ಕೇ ಇರಬೇಕು, ಅವರು ಮಾತಾಡತೊಡಗಿದರು. ಲವ್‌ಡೇಲ್‌ನಲ್ಲಿ ಮೊದಲ ಸಲ ರೈಲು ಕಂಡಾಗ ಹೆದರಿ ಪೊದೆಯೊಳಗೆ ಅಡಗಿದ್ದನ್ನು ಹೇಳಿದ ದಿನ ನಾನು ನಕ್ಕು ನಕ್ಕು ವಾಲಿಬಿಟ್ಟೆ. ಮೊಣಕೈ ಹಿಡಿದು ನಿಲ್ಲಿಸಿದರು.

ಮಾಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೈಗುಳ ಬರುತ್ತದೆಂದುಕೊಂಡೆ. "ನಗುವುದು ಆಮೇಲೆ. ಹಿಮ್ಮಡಿಯ ಸರಿಯಾಗಿ ಊರು," ಎಂದು ಒಳಗೆ ಹೋದರು. ಅಪ್ಪನ ಮನೆಯ ಮಾತು ಮತ್ತೆಂದೂ ಬರಲಿಲ್ಲ.

ಕಾಲು ಪೂರ್ತಿ ಮೊದಲಿನಂತಾಯಿತೆಂದು ಹೇಳಲಾರೆ. ಹಿಮ ಬೀಳುವ ಬೆಳಿಗ್ಗೆಗಳಲ್ಲಿ ಈಗಲೂ ಬಿಗಿಯುತ್ತದೆ. ಆಗ ಒಲೆಯ ಮುಂದೆ ಕೂತು ಪಾದ ಆಡಿಸುತ್ತೇನೆ, ಆ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅದೇ ಕಾಲಿನಲ್ಲಿ ಬಸುರಿಯಾಗಿ ಹೊಲ ಹತ್ತಿದ್ದೇನೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದಿದ್ದೇನೆ. ಆದರೆ ಹೆಚ್ಚು ನೆನಪಾಗುವುದು ಬೇರೊಂದು ದಿನ.

ಸಾಮೆ ಕೊಯ್ಲು ಮುಗಿದಿತ್ತು. ತವರನ್ನು ನೋಡಿಬರಲು ಇಬ್ಬರೂ ನಡೆದೇ ಹೊರಟಿದ್ದೆವು. ಗುಡ್ಡದ ಕಡಿದಾದ ಏರಿನಲ್ಲಿ ಅವರು ಹಿಂದೆ ತಿರುಗಿ ಕೈ ಚಾಚಿದರು. ನನ್ನ ಕಾಲು ಗಟ್ಟಿಯಾಗಿ ಊರುತ್ತಿತ್ತು. ಆಸರೆ ಬೇಕಿರಲಿಲ್ಲ.

ಕೈ ಹಿಡಿದುಕೊಂಡೆ.