ಸಕ್ಕರೆ ಪಾಕ ಸಾಲದಾದ ಪೆಟ್ಟಿಗೆ

ಅಂದು ಹಾಲು ಕರೆದೆ, ಅಕ್ಕಿಹಿಟ್ಟು ಜರಡಿ ಹಿಡಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಹಸಿ ಸೌದೆಯನ್ನು ಒಲೆಯ ಪಕ್ಕ ಜೋಡಿಸಿದೆ, ಜೇನಿಗೆ ಸಕ್ಕರೆ ಪಾಕ ಕಾಸಿ ಆರಲಿಟ್ಟೆ. ಮಧ್ಯಾಹ್ನ ಬಿಸಿಲು ಬಂದರೆ ಜೇನುಪೆಟ್ಟಿಗೆ ತೆರೆದು, ರಾಣಿಯಾಗಬೇಕಾದ ಮರಿ ಬದುಕಿದೆಯೋ ಇಲ್ಲವೋ ನೋಡುವುದಿತ್ತು.

ಯಸಳೂರು ಕಡೆ ರೋಗ ಬಂದು ತುಡುವೆ ಜೇನು ಅಳಿದುಹೋದ ಕಾಲ ಅದು. ನಮಗೆ ಉಳಿದದ್ದು ಎರಡೇ ಪೆಟ್ಟಿಗೆ. ಒಂದು ನಮ್ಮ ಹಿತ್ತಲಲ್ಲಿ, ಇನ್ನೊಂದು ಆಲೂರಿನ ಹತ್ತಿರ ನನ್ನ ತವರಿನಲ್ಲಿ. ಹಿತ್ತಲಿನ ಪೆಟ್ಟಿಗೆಯ ರಾಣಿ ಸತ್ತಿತ್ತು. ಹುಳಗಳು ಹೊಸ ರಾಣಿಗೆಂದು ಉದ್ದನೆಯ ಗೂಡುಗಳನ್ನೇನೋ ಕಟ್ಟಿದವು, ಆದರೆ ಒಳಗಿನ ಮರಿಗಳು ಒಣಗಿ ಮುದುಡಿದ್ದವು. ಎಳೆಯ ಹುಳಗಳು ತಮ್ಮ ಮೈಯಿಂದ ಒಸರಿಸಿ ಉಣಿಸುವ ಬಿಳಿಯ ರಾಜಶಾಹಿ ರಸ ಅಲ್ಲಿ ಹೆಸರಿಗೂ ಇರಲಿಲ್ಲ. ಆ ರಸದಲ್ಲೇ ಬೆಳೆಯದೆ ಮರಿ ರಾಣಿಯಾಗದು. ರಾಣಿಯಿಲ್ಲದ ಪೆಟ್ಟಿಗೆ ಬಹಳ ದಿನ ಉಳಿಯದು.

ನಮ್ಮ ಯಜಮಾನರು ಪಾಕ ಹೆಚ್ಚು ಮಾಡಿದರು. ಮಳೆಗಾಲದಲ್ಲಿ ಸುತ್ತಿನವರೆಲ್ಲ ಮಾಡುತ್ತಿದ್ದದ್ದೂ ಅದನ್ನೇ. ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ಮಗನನ್ನು ನೋಡಿ, "ಬರೀ ಸಕ್ಕರೆ ನೀರು ಕುಡಿಸ್ಬುಟ್ರೆ ಬಾಣಂತಿಗೆ ಹಾಲು ಬರ್ತೈತೇನಪ್ಪಾ?" ಎಂದರು.

"ಹುಳಕ್ಕೂ ನಿನ್ನ ಸೊಸೆಗೂ ಒಂದೇ ಪಥ್ಯ ಮಾಡ್ಬುಟ್ಯಲ್ಲವ್ವಾ."

"ನನ್ನ ಪಥ್ಯದಿಂದ್ಲೇ ಕಣೋ ಅವಳು ಎದ್ದು ಓಡಾಡ್ತಿರೋದು."

ನಗಾಡಿದರೂ ಮಾತು ಇವರ ತಲೆಗೆ ಹೊಕ್ಕಿತು. ಆ ಮಳೆಯಲ್ಲಿ ನಮ್ಮ ಕಡೆ ಹೂವಿರಲಿಲ್ಲ, ಹುಳ ಕಟ್ಟಿದ ಮೇಣದ ಎರಿಯಲ್ಲಿ ಚಿಟಿಕೆ ಪರಾಗವಿರಲಿಲ್ಲ. ಪರಾಗ ತಿನ್ನದೆ ಹುಳದ ಮೈಯಲ್ಲಿ ಆ ರಸ ಊರದು. ಉಳಿದ ಹುಳಗಳೂ ಬಹುಪಾಲು ರಸ ಬತ್ತಿದ ಮುದಿಯವು. ತವರಿನ ಹೊಲದಲ್ಲಾದರೆ ಮುಸುಕಿನ ಜೋಳ ಹೂಬಿಟ್ಟಿತ್ತು. ಮರುದಿನವೇ ಬಸ್ಸು ಹತ್ತಿ ಹೋಗಿ, ಅಲ್ಲಿಂದ ಪರಾಗ ತುಂಬಿದ ಒಂದು ಎರಿಯನ್ನೂ, ಮೊಟ್ಟೆ ಮರಿಗಳಿದ್ದ ಇನ್ನೊಂದನ್ನೂ, ಅವಕ್ಕೆ ಅಂಟಿಕೊಂಡ ಎಳೆಯ ಹುಳಗಳ ಸಮೇತ ಸಣ್ಣ ಪೆಟ್ಟಿಗೆಯಲ್ಲಿ ತಂದರು. ಕಂಡಕ್ಟರ್ ಒಳಗೇನೆಂದು ಕೇಳಿದ್ದಕ್ಕೆ ಮಾವನ ಮನೆಯ ಉಡುಗೊರೆ ಅಂದರಂತೆ. ವಾಸನೆ ಬೆರೆತು ಒಂದನ್ನೊಂದು ಕಚ್ಚದಿರಲೆಂದು ಎರಡೂ ಕಡೆಯ ಹುಳಕ್ಕೆ ಪಾಕ ಚಿಮುಕಿಸಿ ಒಂದುಗೂಡಿಸಿದೆವು. ತವರಿನ ಪೆಟ್ಟಿಗೆಯೂ ಸೊರಗಿದರೆ ಏನು ಗತಿ ಎಂದು ನನಗೆ ಊಟ ಸೇರಲಿಲ್ಲ, ಇವರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಹೀಗೆ ಕೂಡಿಸಿದ ಕೆಲವು ದಿನಕ್ಕೆ, ನಾನು ಪಾಕ ಕಾಸಿ ಆರಲಿಟ್ಟ ಆ ದಿನ, ಊಟದ ಹೊತ್ತು ಮೀರಿದ ಮೇಲೆ ತುಸು ಬಿಸಿಲು ಬಿತ್ತು. ಇವರು ಎರಿ ಎತ್ತಿ ಹಿಡಿದರು, ನಾನು ಬಗ್ಗಿ ನೋಡಿದೆ. ಹೊಸದಾಗಿ ಕಟ್ಟಿದ ಗೂಡಿನೊಳಗೆ ಗಟ್ಟಿ ಮೊಸರಿನಂಥ ರಸ, ಅದರ ಮೇಲೆ ತೇಲುವ ದುಂಡನೆಯ ಮರಿ.

"ಐತೆ," ಅಂದೆ. ಇವರು ಎರಿಯನ್ನು ಮೆಲ್ಲಗೆ ಒಳಗಿಳಿಸಿ ಮುಚ್ಚಳ ಹಾಕಿದರು.

ಇನ್ನೂ ಆ ರಾಣಿ ಹೊರಬರಬೇಕು, ಮಳೆ ಬಿಟ್ಟ ಒಂದು ದಿನ ಗಂಡುಹುಳಗಳ ಜೊತೆ ಹಾರಿ ಕೂಡಿ ಬರಬೇಕು. ಅಷ್ಟು ದೂರ ಯೋಚಿಸುವ ಶಕ್ತಿ ನಮ್ಮಿಬ್ಬರಲ್ಲೂ ಇರಲಿಲ್ಲ. ರಾತ್ರಿಗೆ ಅಕ್ಕಿರೊಟ್ಟಿ, ಕಳಲೆ ಪಲ್ಯ. ಅತ್ತೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಇವರು ಕೈ ತೊಳೆದು ಬಂದು ಗೋಡೆಗೆ ಒರಗಿದವರು ಅಲ್ಲೇ ನಿದ್ದೆ ಹೋದರು, ಎಲ್ಲರಿಗಿಂತ ಮೊದಲು.